ತುದಿ ಹೊಲಕ್ಕೆ ಮೊದಲ ನೀರು

ತೀರಿಕೊಂಡವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಬೇಕಂತೆ. ಕೇಳಿದವಳು ರುಕ್ಸಾನಾ, ಸಿಂದಗಿಯ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯವಳು. ನಮ್ಮ ಸರ್ ಹೋಗಿ ತಿಂಗಳಾಯಿತು. ಅವರ ಮನೆಯವರು ಬಸವನ ಬಾಗೇವಾಡಿಯಲ್ಲಿ ಒಂದು ಸಣ್ಣ ನೆನಪಿನ ಪುಸ್ತಕ ಮಾಡಿಸುತ್ತಿದ್ದಾರೆ, ಜೊತೆಗೆ ಕೆಲಸ ಮಾಡಿದವರೆಲ್ಲ ಎರಡೆರಡು ಪುಟ ಕೊಡಬೇಕು. "ನೀ ಅಂತೂ ಕೊಡಾಕಽ ಬೇಕು. ನಿನಗ ಕೆಲಸ ಕಲಿಸಿದವರು" ಎಂದಳು. ಹೌದು, ಕಲಿಸಿದವರು. ಆ ನಾಲ್ಕು ಮಾತು ನನ್ನ ಹತ್ತಿರ ಇವೆ. ಮೊದಲೇ ಬರೆದು ಕೈ ತೊಳೆದುಕೊಳ್ಳುತ್ತೇನೆ, ಆಮೇಲೆ ನನ್ನ ಮಾತು.

ತಿಳಿದದ್ದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಹತ್ತು ಸಲ ಕೇಳಿದರೆ ಹತ್ತು ಸಲವೂ ಮೊದಲಿನಿಂದ ಹೇಳುತ್ತಿದ್ದರು. ಬುತ್ತಿ ಬಿಚ್ಚಿದರೆ ಒಂದು ರೊಟ್ಟಿಯಾದರೂ ಪಕ್ಕದವರಿಗೆ ಹೋಗಬೇಕು, ಅದರ ಮೇಲೆ ಒಂದು ಚಮಚೆ ಶೇಂಗಾ ಚಟ್ನಿ, ಬೇಡವೆಂದರೂ ಬಿಡುತ್ತಿರಲಿಲ್ಲ. ಬಾಗೇವಾಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದವರು ಒಂದು ದಿನವೂ ತಡ ಮಾಡಲಿಲ್ಲ. ಕೆಲಸದಲ್ಲಿ ಅವರಷ್ಟು ಜಾಣರನ್ನು ನಮ್ಮ ಕಡೆಯ ನಾಲ್ಕು ತಾಲೂಕಿನಲ್ಲಿ ನಾನು ಕಂಡಿಲ್ಲ. ಆಯಿತಲ್ಲ, ನಾಲ್ಕು ಮಾತು ಮುಗಿದವು. ನನಗೆ ಅವರ ಮೇಲೆ ಸಿಟ್ಟಿತ್ತು, ಅವರು ಹೋದ ಮೇಲೂ ಇದೆ.

ನಮ್ಮ ಆಫೀಸು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಯೂರಿಯಾದ ವಾಸನೆ ಮೂಗಿಗೆ ಬಡಿಯುತ್ತದೆ. ಐದು ಜನ, ಐದು ಕಂಪ್ಯೂಟರು, ಗೋಡೆಯ ಮೇಲೊಂದು ಹಳೆಯ ಟಿವಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಕೆಲವು ನೀರು ಬಳಕೆದಾರರ ಸಂಘಗಳಿಗೆ ನಾವು ಒಂದು ಪ್ರೋಗ್ರಾಂ ಮಾಡಿಕೊಟ್ಟಿದ್ದೇವೆ. ಕಾಲುವೆಗೆ ನೀರು ಬಿಟ್ಟಾಗ ಯಾರ ಹೊಲದ ಪಾಳಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಲೆಕ್ಕ ಹಾಕಿ ರೈತರ ಫೋನಿಗೆ ಕನ್ನಡದಲ್ಲಿ ಮೆಸೇಜು ಕಳಿಸುವುದು ಅದರ ಕೆಲಸ. ಕೇಳಲು ಸಣ್ಣದು. ಆದರೆ ನಮ್ಮ ಕಡೆ ಅಣ್ಣತಮ್ಮಂದಿರು ಮಾತು ಬಿಡುವುದು, ಬೀಗರು ಬೀಗರ ಮನೆಯ ಮೆಟ್ಟಿಲು ಹತ್ತದಿರುವುದು ಪಾಳಿಯ ಸಲುವಾಗಿಯೇ.

ಅದಕ್ಕೇ ಸರ್ ಆ ಟಿವಿ ಹಾಕಿಸಿದ್ದರು. ಪ್ರೋಗ್ರಾಮಿನ ಪ್ರತಿಯೊಂದು ನಿಯಮಕ್ಕೂ ಒಂದೊಂದು ಪರೀಕ್ಷೆ ಬರೆದಿಟ್ಟಿದ್ದೆವು. ಒಬ್ಬರಿಗೆ ಎರಡು ಪಾಳಿ ಬಂದಿದೆಯೇ, ಒಬ್ಬರದು ಬಿಟ್ಟು ಹೋಗಿದೆಯೇ, ಮೆಸೇಜು ಪೂರ್ತಿ ಹೋಗಿದೆಯೇ, ಹೀಗೆ ನೂರಾರು. ನಾವು ಐವರಲ್ಲಿ ಯಾರೇ ಕೋಡಿನಲ್ಲಿ ಏನೇ ಬದಲಿಸಿ ಸೇವ್ ಒತ್ತಲಿ, ಯಾರೂ ಹೇಳದೆಯೇ ಅಷ್ಟೂ ಪರೀಕ್ಷೆಗಳು ಮತ್ತೆ ಮೊದಲಿನಿಂದ ಓಡುತ್ತಿದ್ದವು. ಎಲ್ಲ ಪಾಸಾದರೆ ಟಿವಿಯ ಮೇಲೆ ಹಸಿರು ಪಟ್ಟಿ. ಒಂದು ತಪ್ಪಿದರೂ ಕೆಂಪು, ಕೆಳಗೆ ತಪ್ಪಿದ ಪರೀಕ್ಷೆಯ ಹೆಸರು. ಕೆಂಪು ಬಂತೆಂದರೆ ಸರ್ ಬಾಯಿಗೆ ಒಯ್ದ ರೊಟ್ಟಿಯ ತುತ್ತನ್ನು ಅಲ್ಲೇ ನಿಲ್ಲಿಸುತ್ತಿದ್ದರು. ಹಸಿರಾಗುವ ತನಕ ಅದು ಬಾಯಿಗೂ ಹೋಗದು, ಡಬ್ಬಿಗೂ ಬಾರದು.

"ಒಂದ ಅಕ್ಷರ ಮುಟ್ಟಿದ್ರೂ ಎಲ್ಲಾ ಮತ್ತ ಓಡಬೇಕು" ಎನ್ನುವುದು ಅವರ ದಿನನಿತ್ಯದ ಮಾತು. ನಾವು ನಗುತ್ತಿದ್ದೆವು. ಒಮ್ಮೆ ರುಕ್ಸಾನಾ ಮೆಸೇಜಿನಲ್ಲಿ ಊರಿನ ಹೆಸರು ಬೀಳುವ ಜಾಗವನ್ನು ಸ್ವಲ್ಪ ಚೊಕ್ಕ ಮಾಡಿದಳು, ಅಷ್ಟೇ. ಟಿವಿ ಕೆಂಪಾಯಿತು. ನೋಡಿದರೆ, ದೇವರ ಹಿಪ್ಪರಗಿಯ ಹೆಸರಿನ ನಡುವೆ ಒಂದು ಖಾಲಿ ಜಾಗವಿದೆಯಲ್ಲ, ಪ್ರೋಗ್ರಾಂ ಅಲ್ಲಿಗೇ ಕತ್ತರಿಸಿಬಿಟ್ಟಿತ್ತು. ಅಲ್ಲಿಯ ರೈತರಿಗೆ ಹೋಗಬೇಕಾಗಿದ್ದ ಮೆಸೇಜು ಹೀಗಿತ್ತು: "ದೇವರ ಪಾಳಿ ಮಂಗಳವಾರ ಬೆಳಿಗ್ಗೆ ಆರು ಗಂಟೆಗೆ." ಒಂದೇ ಪದದ ಸಾಲೋಟಗಿಗೆ ಏನೂ ಆಗಿರಲಿಲ್ಲ, ಅಗರಖೇಡಕ್ಕೂ ಆಗಿರಲಿಲ್ಲ. ಆ ಪರೀಕ್ಷೆ ಓಡದಿದ್ದರೆ ದೇವರನ್ನೇ ಎಬ್ಬಿಸಿ ನೀರು ಕಟ್ಟಲು ಕಳಿಸುತ್ತಿದ್ದೆವು. ಅವತ್ತಿನಿಂದ ನಾವು ನಗುವುದು ಬಿಟ್ಟೆವು.

ಅವರದು ಒಂದು ವಿಚಿತ್ರವಿತ್ತು. ಆಫೀಸಿನ ಮನುಷ್ಯರಿಗೆಲ್ಲ ಏಕವಚನ, ಯಂತ್ರಕ್ಕೆ ಮಾತ್ರ ಬಹುವಚನ. ನಮಗೆ "ಏ, ಇಲ್ಲಿ ಬಾ." ಕಂಪ್ಯೂಟರು ನಿಧಾನವಾದರೆ ಅದರ ತಲೆಯ ಮೇಲೆ ಕೈಯಿಟ್ಟು, "ಓಡ್ರಿ, ಇನ್ನೊಂದೀಟು ಓಡ್ರಿ, ಆತು, ಮುಗೀತು" ಎನ್ನುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಅದು ಸುಳ್ಳ ಹೇಳೂದಿಲ್ಲವಾ, ಅದಕ್ಕ ಮರ್ಯಾದಿ ಕೊಡಬೇಕು" ಎಂದಿದ್ದರು. ಇದನ್ನು ನೆನಪಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಾನು ಇಂಡಿಯ ಕಾಲೇಜಿನಲ್ಲಿ ಬಿ.ಕಾಂ. ಮಾಡಿ ಅಲ್ಲಿಗೆ ಸೇರಿದ್ದು ರೈತರ ಹೆಸರು ಟೈಪು ಮಾಡಲು. ಮೂರನೇ ದಿನಕ್ಕೇ "ಸರ, ಇಬ್ಬರದೂ ಒಂದಽ ಹೆಸರು, ಒಂದಽ ಊರು ಇದ್ದರ ಪಾಳಿ ಯಾರಿಗೆ ಹೋಗತೈತಿ?" ಎಂದು ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನಗ ಸಂಶಯ ಭಾಳ. ನನಗ ಅಂಥಾಕೀನಽ ಬೇಕಾಗಿತ್ತು" ಎಂದು ಅವತ್ತೇ ನನ್ನನ್ನು ಪರೀಕ್ಷೆ ಬರೆಯುವ ಕೆಲಸಕ್ಕೆ ಹಾಕಿದರು. ಹಳ್ಳಿಹಳ್ಳಿಗೆ ಕಳಿಸಿದರು. ನಾನು ಸಂಘದ ಹಿರಿಯರ ಎದುರು ಕುಳಿತು ಅವರ ರೂಢಿಯನ್ನು ಕೇಳುವುದು, ಬಂದು ಒಂದೊಂದು ರೂಢಿಗೆ ಒಂದೊಂದು ಪರೀಕ್ಷೆ ಬರೆಯುವುದು. ಮುದ್ದೇಬಿಹಾಳದ ಹತ್ತಿರ ಒಬ್ಬ ಮುದುಕರು ಹೇಳಿದ್ದರು: "ಸಾವಾದ ಮನಿಗೆ ಪಾಳಿ ಬಂದ್ರ ಬಾಜೂದವ ತಗೋತಾನ, ಮುಂದಿನ ಸಲ ತಿರುಗಿ ಕೊಡ್ತಾನ. ಇದನ್ನೂ ನಿಮ್ಮ ಡಬ್ಬಿಗೆ ತಿಳಿಸಿ ಹೇಳ್ರಿ." ತಿಳಿಸಿ ಹೇಳಿದೆ. ಒಂದು ಕೆಲಸದಲ್ಲಿ ನಾನೂ ಬೇಕಾದವಳು ಅನಿಸಿದ್ದು ಆಗಲೇ.

ನಮ್ಮೂರು ಇಂಡಿ ತಾಲೂಕಿನದು. ನಮ್ಮ ಅಪ್ಪ ಅಲ್ಲಿಯ ಸಂಘದಲ್ಲಿ ಗೇಟಿನ ಕೀಲಿಕೈ ಇಟ್ಟುಕೊಂಡವರು. ಹದಿನಾಲ್ಕು ವರ್ಷ ಕಾಲುವೆಯಿಂದ ಹೊಲಗಳಿಗೆ ನೀರು ಬಿಟ್ಟದ್ದು ಅವರ ಕೈ. ಸಂಬಳವಿಲ್ಲದ ಕೆಲಸ. ಯಾರ ಕಡೆಗೂ ವಾಲುವುದಿಲ್ಲ ಎಂದು ಜನ ಕೊಟ್ಟದ್ದು, ಅಪ್ಪ ಅದನ್ನು ಸೊಂಟದ ಉಡದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದರು. ನಮ್ಮೂರಿನ ರೂಢಿ ಏನೆಂದರೆ, ನೀರು ಬಂದಾಗ ಮೊದಲು ತುದಿಯ ಹೊಲಕ್ಕೆ ಬಿಡಬೇಕು. ಆಮೇಲೆ ಒಂದೊಂದೇ ಹೊಲ ಹಿಂದಕ್ಕೆ ಬರುತ್ತ ಕೊನೆಗೆ ಕಾಲುವೆಯ ಪಕ್ಕದವರಿಗೆ. ಮೇಲಿನವರು ಮೊದಲು ಕಟ್ಟಿಕೊಂಡರೆ ತುದಿಯವರಿಗೆ ನೀರು ಬಂದದ್ದು ಸುದ್ದಿ ಮಾತ್ರ. ಈ ರೂಢಿಗೆ ನಾನು ಬರೆದ ಪರೀಕ್ಷೆಯ ಹೆಸರು, "ತುದಿ ಹೊಲಕ್ಕೆ ಮೊದಲ ನೀರು." ನಾನು ಬರೆದ ಎಲ್ಲ ಪರೀಕ್ಷೆಗಳಲ್ಲಿ ನನಗೆ ಹೆಚ್ಚು ಪ್ರೀತಿ ಇದರ ಮೇಲೆ. ಅಪ್ಪನಿಗೆ ಹೇಳಿದಾಗ, "ಅಂದ್ರ ಇನ್ನ ಯಾರೂ ಇದನ್ನ ಮುರಿಯಾಕ ಬರೂದಿಲ್ಲೇನವಾ?" ಎಂದು ಕೇಳಿದ್ದರು. ಬರುವುದಿಲ್ಲ ಎಂದಿದ್ದೆ.

ಆಮೇಲೆ ಮುದ್ದೇಬಿಹಾಳದಲ್ಲಿ ದೊಡ್ಡ ಅಧಿಕಾರಿಗಳ ಮುಂದೆ ಪ್ರೋಗ್ರಾಂ ತೋರಿಸುವ ದಿನ ಬಂತು. ಅವರು ಮೆಚ್ಚಿದರೆ ಇನ್ನಷ್ಟು ಸಂಘಗಳು ಸೇರುತ್ತವೆ. ನಾನು ನನ್ನ ಸೋದರಮಾವನ ಮಗಳ ನಿಶ್ಚಯಕ್ಕೆಂದು ಎರಡು ದಿನ ಅಗರಖೇಡಕ್ಕೆ ಹೋಗಿದ್ದೆ. ಹಿಂದಿನ ದಿನ ಮಧ್ಯಾಹ್ನ ಸರ್, ಪ್ರೋಗ್ರಾಂ ಬೇಗ ಓಡಲಿ ಎಂದು ಪಾಳಿ ಹಚ್ಚುವ ಭಾಗವನ್ನೇ ಬಿಚ್ಚಿ ಹೊಸದಾಗಿ ಬರೆದರು. ಸೇವ್ ಮಾಡಿದರು. ಒಂದೇ ಒಂದು ಕೆಂಪು. "ತುದಿ ಹೊಲಕ್ಕೆ ಮೊದಲ ನೀರು." ಪ್ರೋಗ್ರಾಂ ಮೇಲಿನ ಹೊಲದಿಂದ ಪಾಳಿ ಹಚ್ಚುತ್ತಿತ್ತು. ಸರಿ ಮಾಡಲು ಅರ್ಧ ದಿನ ಬೇಕು, ಮುದ್ದೇಬಿಹಾಳದ ಬಸ್ಸಿಗೆ ಒಂದು ತಾಸು ಉಳಿದಿತ್ತು. ಅವರು ಏನು ಮಾಡಿದರು ಗೊತ್ತೇ? ಈ ಪರೀಕ್ಷೆಯನ್ನು ಓಡಿಸಬೇಡಿ ಎಂದು ಅದರ ಮುಂದೆ ಒಂದು ಗುರುತು ಹಾಕಿದರು. ಟಿವಿ ಹಸಿರಾಯಿತು, ಸರಿ ಮಾಡಿದರೆಂದು ಉಳಿದ ಮೂವರು ಅಂದುಕೊಂಡರು. ಸುಳ್ಳು ಹೇಳದ ಯಂತ್ರದ ಬಾಯಿಗೆ ಬಟ್ಟೆ ತುರುಕಿ ಬಸ್ಸು ಹತ್ತಿದರು. ಮರುದಿನ ಅಧಿಕಾರಿಗಳು ಅಲ್ಲಿಯ ಪರದೆಯ ಮೇಲೆ ಹಸಿರು ನೋಡಿ ಚಪ್ಪಾಳೆ ತಟ್ಟಿದರಂತೆ, ಹಾರ ಹಾಕಿದರಂತೆ, ಹೋಳಿಗೆ ಊಟವಾಯಿತಂತೆ.

ಅದರ ಮರುದಿನ ನಾನು ಆಫೀಸಿಗೆ ಬಂದು ಟಿವಿ ನೋಡಿದೆ. ಹಸಿರಿತ್ತು. ನಂಬಿದೆ. ಅವತ್ತೇ ಕಾಲುವೆಗೆ ನೀರು ಬಂತು, ಪಾಳಿಯ ಮೆಸೇಜುಗಳು ಹೋದವು, ಮೇಲಿನ ಹೊಲದವರಿಗೆ ಮೊದಲು.

ಅಪ್ಪನ ಫೋನಿಗೂ ಪಾಳಿಯ ಪಟ್ಟಿ ಬಂತು. ಗೇಟಿನ ಹತ್ತಿರ ನಿಂತವರೊಬ್ಬರು, "ಕಾಕಾ, ಇದೇನ ಉಲ್ಟಾ ಬಂದೈತಿ?" ಎಂದು ಕೇಳಿದರಂತೆ. ಹದಿನಾಲ್ಕು ವರ್ಷ ತುದಿಯಿಂದ ನೀರು ಬಿಟ್ಟ ಮನುಷ್ಯ, ಆ ಪಟ್ಟಿ ನೋಡಿ, "ನಮ್ಮ ಹುಡುಗಿ ನೋಡಿ ಕಳಿಸಿರ್ತಾಳ. ಏನರ ಕಾರಣ ಇರತೈತಿ" ಎಂದು ಮೇಲಿನವರಿಗೆ ಗೇಟು ತೆಗೆದರು. ನನಗೊಂದು ಫೋನು ಮಾಡಿ ಕೇಳಲಿಲ್ಲ. ಯಾಕೆ ಕೇಳುತ್ತಾರೆ? ಯಾರೂ ಮುರಿಯಲು ಬರುವುದಿಲ್ಲ ಎಂದು ನಾನೇ ಹೇಳಿದ್ದೆನಲ್ಲ. ತುದಿಗೆ ನೀರು ಮುಟ್ಟುವ ಮೊದಲೇ ಕಾಲುವೆ ಬಂದ್ ಆಯಿತು. ತುದಿಯವರು ಆಗಷ್ಟೇ ಉಳ್ಳಾಗಡ್ಡಿಯ ಸಸಿ ಹಚ್ಚಿದ್ದರು. ವಾರದಲ್ಲಿ ಅವು ಹಳದಿಯಾಗಿ ಮಲಗಿದವು.

ಸಂಘದ ಶೆಡ್ಡಿನಲ್ಲಿ ಸಭೆ ಸೇರಿತು. ಕಂಪ್ಯೂಟರು ಮಗಳ ಕೈಯಲ್ಲಿ, ಕೀಲಿಕೈ ಅಪ್ಪನ ಕೈಯಲ್ಲಿ, ಇಬ್ಬರೂ ಸೇರಿ ಮೇಲಿನವರಿಗೆ ಅನುಕೂಲ ಮಾಡಿಕೊಟ್ಟಿದ್ದಾರೆ ಎಂದು ಮಾತು ಬಂತು. ಆಫೀಸಿನವರೇ ಬಂದು ಹೇಳಲಿ ಎಂದರು. ನಾನು ಸರ್ ಅವರನ್ನು ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವರ ಪಕ್ಕದಲ್ಲೇ ಕುಳಿತು, "ನನ್ನ ಪರೀಕ್ಷಿ ಇದನ್ನ ಹ್ಯಾಂಗ ಹಿಡೀಲಿಲ್ಲ ಸರ, ನಾ ಏನ ಬಿಟ್ಟೆ?" ಎಂದು ಕೇಳುತ್ತಿದ್ದೆ. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ಶೆಡ್ಡಿನಲ್ಲಿ ನಲವತ್ತು ಜನರ ಎದುರು ಎದ್ದು ನಿಂತು ಅವರು ಆಡಿದ ಮಾತು ಇದು: "ಪರೀಕ್ಷಿ ನೋಡೂದು ಈಕಿ ಕೆಲಸರಿ. ಸಣ್ಣಾಕಿ, ಎಲ್ಲೋ ನೋಡೂದ ಬಿಟ್ಟಿರಬೇಕು. ಮುಂದ ಹಿಂಗ ಆಗದಂಗ ನೋಡ್ಕೋತೇವಿ." ಅಪ್ಪ ಯಾರೂ ಕೇಳುವ ಮೊದಲೇ ಉಡದಾರದಿಂದ ಕೀಲಿಕೈ ಬಿಚ್ಚಿ ಜಮಖಾನದ ಮೇಲಿಟ್ಟು ಹೊರಗೆ ಹೋದರು. ಆ ಗಂಟು ಬಿಚ್ಚಲು ಅವರಿಗೆ ತುಂಬಾ ಹೊತ್ತು ಹಿಡಿಯಿತು.

ಮರುದಿನ ನಾನು ನನ್ನ ತಪ್ಪು ಹುಡುಕಲು ಕುಳಿತೆ. ಪ್ರೋಗ್ರಾಮಿನ ಯಾವ ಸಾಲನ್ನು ಯಾರು ಯಾವಾಗ ಮುಟ್ಟಿದರು, ಯಾಕೆ ಮುಟ್ಟಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ನನ್ನ ಪರೀಕ್ಷೆಯ ಮುಂದಿನ ಗುರುತು ಕಂಡಿತು. ಹಾಕಿದವರು, ಸರ್. ಮುದ್ದೇಬಿಹಾಳಕ್ಕೆ ಹೋಗುವ ಹಿಂದಿನ ದಿನ, ಮಧ್ಯಾಹ್ನ ಮೂರು ನಲವತ್ತು. ಕಾರಣ ಎಂಬಲ್ಲಿ ಒಂದೇ ಪದ: "ತಾತ್ಕಾಲಿಕ."

ಅವರ ಎದುರು ಹೋಗಿ ನಿಂತೆ. ಅವರು ನಿರಾಕರಿಸಲಿಲ್ಲ. "ಅವತ್ತ ಹಸಿರು ಬೇಕಾಗಿತ್ತು ತಂಗಿ. ಬಂದ ಮ್ಯಾಲೆ ಸರಿ ಮಾಡೂನು ಅಂದ್ಕೊಂಡಿದ್ದೆ, ಹಾರ-ತುರಾಯಿ ಗದ್ದಲದಾಗ ಮರತೆ."

"ಮರತದ್ದು ಇರಲಿ ಸರ. ಶೆಡ್ಡಿನ್ಯಾಗ ಯಾಕ ಹಂಗ ಅಂದ್ರಿ?"

"ನೀ ಸಣ್ಣಾಕಿ, ನಿನಗ ಇನ್ನೊಂದು ನೌಕರಿ ಸಿಗತೈತಿ. ಈ ವಯಸ್ಸಿನ್ಯಾಗ ನನ್ನ ಯಾರ ತಗೋತಾರ?"

"ನನಗ ನೌಕರಿ ಬ್ಯಾಡ. ನೀವು ನಮ್ಮೂರಿಗೆ ಬಂದು, ಅದಽ ಶೆಡ್ಡಿನ್ಯಾಗ ನಿಂತು, ನಾನಽ ತಗದೆ ಅಂತ ಹೇಳ್ರಿ."

"ಬರ್ತೇನಿ" ಎಂದರು. ಮುಂದಿನ ಸಭೆಗೆ ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ನಾನೇ ಆ ಪುಟವನ್ನು ಕಾಗದಕ್ಕಿಳಿಸಿ ಒಯ್ದು ತೋರಿಸಿದೆ. ಸಂಘದ ಹಿರಿಯರು ಹಿಂದೆ ಮುಂದೆ ತಿರುವಿ ನೋಡಿ, "ಇದು ನಿನ್ನ ಕಂಪ್ಯೂಟರ್, ನಿನ್ನ ಚೀಟಿ. ಅವರು ಬಂದು ಬಾಯಿಲೆ ಹೇಳ್ಲಿ" ಎಂದು ತಿರುಗಿ ಕೊಟ್ಟರು. ನ್ಯಾಯವೇ. ಅಪ್ಪ ಆಮೇಲೆ ಸಂಘದ ಸಭೆಯಲ್ಲಿ ಬಾಗಿಲ ಹತ್ತಿರ ಕೂಡುತ್ತಿದ್ದರು, ಮನೆಯಲ್ಲಿ ಆ ವಿಷಯ ಎತ್ತಬೇಡವೆಂದು ಕಣ್ಣಿನಲ್ಲೇ ಹೇಳುತ್ತಿದ್ದರು.

ನಾನು ಕೆಲಸ ಬಿಡಲಿಲ್ಲ. ಬಿಟ್ಟರೆ ಅವರಿಗೆ ಹಗುರಾಗುತ್ತಿತ್ತು. ಪಾಳಿ ಹಚ್ಚುವ ಭಾಗವನ್ನು ಸರಿ ಮಾಡಿ, ನನ್ನ ಪರೀಕ್ಷೆಯನ್ನು ಮತ್ತೆ ಓಡುವಂತೆ ಮಾಡಿದೆ, ಎಲ್ಲದಕ್ಕಿಂತ ಮೊದಲು ಅದೇ ಓಡುವಂತೆ ಮಾಡಿದೆ. ಪಾಸಾಗಲಿ, ತಪ್ಪಲಿ, ಅದು ಓಡಿದಾಗಲೆಲ್ಲ ಟಿವಿಯ ಮೇಲೆ ಒಂದು ಸಾಲು ಬರುವಂತೆ ಬರೆದೆ. "ತುದಿ ಹೊಲಕ್ಕೆ ಮೊದಲ ನೀರು: ಈ ಪರೀಕ್ಷೆಯನ್ನು ಹಿಂದೊಮ್ಮೆ ತೆಗೆದು ಹಾಕಿದವರು," ಮುಂದೆ ಸರ್ ಅವರ ಪೂರ್ತಿ ಹೆಸರು, ಅವರ ತಂದೆಯ ಹೆಸರು ಅಡ್ಡಹೆಸರು ಸಹಿತ. ಒಂದು ಅಕ್ಷರ ಮುಟ್ಟಿದರೂ ಎಲ್ಲ ಮತ್ತೆ ಓಡಬೇಕೆಂದು ಕಲಿಸಿದವರು ಅವರೇ. ನಾವು ಐದು ಜನ ದಿನಕ್ಕೆ ನೂರು ಸಲ ಸೇವ್ ಒತ್ತುತ್ತಿದ್ದೆವು. ನೂರು ಸಲವೂ ಅವರ ಹೆಸರು.

ಮೊದಲ ದಿನ ಆ ಸಾಲು ಬಂದಾಗ ಎಲ್ಲರೂ ಕೆಲಸ ಬಿಟ್ಟು ಟಿವಿ ನೋಡಿದರು. ಸರ್ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. "ತಗೀ ಅದನ್ನ" ಎಂದರು.

"ನೀವಽ ತಗೀರಿ ಸರ. ತಗದವರ ಹೆಸರು ದಾಖಲ್ಯಾಗ ಮತ್ತೊಮ್ಮೆ ಬೀಳತೈತಿ, ಅಷ್ಟಽ. ಇಲ್ಲಾ, ನಮ್ಮೂರ ಸಭೆಗೆ ಬಂದು ಹೇಳ್ರಿ. ಹೇಳಿದ ದಿನ ನಾನಽ ತಗೀತೇನಿ."

ಅವರು ತೆಗೆಯಲಿಲ್ಲ, ಬರಲೂ ಇಲ್ಲ. ಕುರ್ಚಿ ತಿರುಗಿಸಿ ಟಿವಿಗೆ ಬೆನ್ನು ಮಾಡಿ ಊಟಕ್ಕೆ ಕೂಡತೊಡಗಿದರು. ನಮ್ಮ ಕಂಪನಿಯ ಯಜಮಾನರು ವಿಜಯಪುರದಲ್ಲಿರುವವರು, ವರ್ಷಕ್ಕೆರಡು ಸಲ ಬಂದರೆ ಹೆಚ್ಚು, ಒಮ್ಮೆ ನೋಡಿ, "ಇದೇನಿದು?" ಎಂದರು. ಸರ್ ತಾವೇ, "ನೆನಪಿಗೆ ಇರ್ಲಿ ಅಂತ ಹಾಕೇವ್ರಿ" ಎಂದು ಹೇಳಿ ಅವರನ್ನು ಚಹಾಕ್ಕೆ ಕರೆದುಕೊಂಡು ಹೋದರು. ನನಗೆ ಅದನ್ನು ಕೇಳಿ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ನಾಲ್ಕು ಜನರ ಎದುರು ದಿನಾ ಸಾಯಲು ಒಪ್ಪಿದ ಮನುಷ್ಯ, ನಲವತ್ತು ಜನರ ಎದುರು ಒಂದು ಸಲ ನಿಲ್ಲಲು ಒಪ್ಪುವುದಿಲ್ಲವಲ್ಲ ಎಂದು ಹಲ್ಲು ಕಚ್ಚಿದೆ.

ಕೆಲವು ತಿಂಗಳಾದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ಎರಡು ಸಾಲು ಬರೆದರೆ ಒಮ್ಮೆ ಸೇವ್ ಒತ್ತಬೇಕು, ಪರೀಕ್ಷೆ ಓಡಿ ಹಸಿರು ಬಂದ ಮೇಲೆಯೇ ಮೂರನೇ ಸಾಲು, ಇದು ಅವರು ನಮಗೆ ಕಿವಿ ಹಿಂಡಿ ಕಲಿಸಿದ ಪಾಠ. ತಪ್ಪಾದರೆ ಆ ಎರಡು ಸಾಲಿನಲ್ಲೇ ಇರುತ್ತದೆ, ಹುಡುಕುವುದು ಸುಲಭ. ಈಗ ಅವರು ಬೆಳಿಗ್ಗೆಯಿಂದ ಸಂಜೆಯ ತನಕ ಬರೆದು, ಬಸ್ಸಿಗೆ ಹೊರಡುವ ಮೊದಲು ಒಮ್ಮೆ ಮಾತ್ರ ಸೇವ್ ಒತ್ತುತ್ತಿದ್ದರು. ದಿನಕ್ಕೆ ಒಂದೇ ಸಲ ತಮ್ಮ ಹೆಸರು ನೋಡಿದರೆ ಸಾಕು ಎಂದು. ಒತ್ತಿದ ಕೂಡಲೇ ಎಂಟು ಹತ್ತು ಪರೀಕ್ಷೆ ಕೆಂಪು. ಯಾವ ಸಾಲಿನಿಂದ ಯಾವುದು ಕೆಟ್ಟಿತು ಎಂದು ಅವರಿಗೇ ತಿಳಿಯುತ್ತಿರಲಿಲ್ಲ. ಮರುದಿನವೆಲ್ಲ ಅದನ್ನು ಹುಡುಕುವುದು, ಸಂಜೆ ಮತ್ತಷ್ಟು ಕೆಂಪು. ನಿನ್ನೆ ಮೊನ್ನೆ ಸೇರಿದ ಹುಡುಗಿಯರು ಅವರ ಹಿಂದೆ ನಿಂತು, "ಸರ, ಸ್ವಲ್ಪ ಸ್ವಲ್ಪ ಸೇವ್ ಮಾಡ್ರಿ" ಎಂದು ಹೇಳುವ ಹಾಗಾಯಿತು. ಅವರು "ಹೌದೌದು" ಎಂದು ತಲೆ ಆಡಿಸುತ್ತಿದ್ದರು. ನಾಲ್ಕು ತಾಲೂಕಿಗೆ ಜಾಣರಾಗಿದ್ದವರ ಕೈ ನನ್ನ ಕಣ್ಣೆದುರೇ ಕೆಟ್ಟಿತು. ಕೆಡಿಸಿದ್ದು ನಾನು ಬರೆದ ಸಾಲು. ಗೊತ್ತಿದ್ದೂ ಸುಮ್ಮನಿದ್ದೆ. ಅಪ್ಪನ ಸೊಂಟ ಬರಿದಾಗಿದ್ದು ನೆನಪಾದಾಗಲೆಲ್ಲ ನಾನೂ ಒಂದು ಸಲ ಸುಮ್ಮಸುಮ್ಮನೆ ಸೇವ್ ಒತ್ತುತ್ತಿದ್ದೆ.

ಮೂರು ವರ್ಷಕ್ಕೆ ಅವರೇ ಸಾಕೆಂದು ಬಿಟ್ಟರು. ಬೀಳ್ಕೊಡುಗೆಗೆ ಶಾಲು ತಂದೆವು, ಹಣ್ಣಿನ ಬುಟ್ಟಿ ತಂದೆವು. ರುಕ್ಸಾನಾ ಮಾತಾಡುತ್ತ ಅತ್ತಳು. ಆಮೇಲೆ ನನ್ನ ಸರದಿ. ನಾನು ಎದ್ದು, ಮಾತಾಡುವ ಬದಲು ನನ್ನ ಕಂಪ್ಯೂಟರಿನ ಹತ್ತಿರ ಹೋಗಿ, ಒಂದು ಖಾಲಿ ಜಾಗ ಸೇರಿಸಿ, ಸೇವ್ ಒತ್ತಿದೆ. ಅವರ ತಲೆಯ ಮೇಲೆಯೇ ಟಿವಿ ಇತ್ತು. ಎಲ್ಲರೂ ಓದಿದರು. ಸರ್ ತಿರುಗಿ ನೋಡಲಿಲ್ಲ, ಅಲ್ಲಿ ಏನು ಬಂದಿದೆ ಎಂದು ಅವರಿಗೆ ಗೊತ್ತಿತ್ತು. ಶಾಲು ಸರಿಮಾಡಿಕೊಂಡು, ಹಣ್ಣಿನ ಬುಟ್ಟಿ ಹಿಡಿದು, ಹೋಗುವ ಮುನ್ನ ಎಂದಿನಂತೆ ತಮ್ಮ ಕಂಪ್ಯೂಟರಿನ ತಲೆ ಮುಟ್ಟಿ, "ಬರ್ತೇನ್ರಿ" ಎಂದು ಅದಕ್ಕೆ ಹೇಳಿ ಮೆಟ್ಟಿಲಿಳಿದರು. ಖುಷಿಯಾಯಿತೇ ಎಂದು ಕೇಳಿದರೆ, ಆಯಿತು. ಸುಳ್ಳು ಯಾಕೆ ಹೇಳಲಿ? ಆಮೇಲೆ ಅವರನ್ನು ನಾನು ನೋಡಲಿಲ್ಲ. ಸಾಲು ಹಾಗೇ ಉಳಿಯಿತು, ಈಗಲೂ ಇದೆ. ಹೇಳದೆ ಸತ್ತ ಮನುಷ್ಯನ ಹೆಸರು ಅಲ್ಲಿ ಇರಬೇಕಾದದ್ದೇ.

ಇಷ್ಟು ಬರೆದದ್ದು ಶುಕ್ರವಾರ. ಪುಸ್ತಕಕ್ಕೆ ಇದನ್ನು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಿತ್ತು, ಆದರೂ ರುಕ್ಸಾನಾಳ ಕೈಗೆ ಕೊಡುವವಳಿದ್ದೆ. ರವಿವಾರ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು. ಸರ್ ತೀರಿಕೊಂಡದ್ದನ್ನು ಹೇಳಿದೆ. ಅಪ್ಪನ ಕೈ ನಿಂತಿತು.

"ಯಾವಾಗ? ಅಯ್ಯ, ಪಾಪ. ಅವತ್ತಽ ಮಾರಿ ಬಾಡಿತ್ತು. ಬಸ್ಸಿಗೆ ಕಳಿಸಾಕ ಹೋದಾಗ ನಡಿಯಾಕ ಆಗವಲ್ದಾಗಿತ್ತು ಅವರಿಗೆ."

"ಯಾವತ್ತು?"

"ಹೋದ ದಸರಿ ಆದ ಮ್ಯಾಲೆ, ಹಿಂಗಾರಿ ನೀರಿನ ಸಭೆ ಇತ್ತಲ್ಲ, ಅವತ್ತು. ಬಾಗೇವಾಡಿಯಿಂದ ಎರಡು ಬಸ್ ಹಿಡದು ಬಂದಿದ್ರು. ಶೆಡ್ಡಿನ್ಯಾಗ ಎದ್ದು ನಿಂತು ಎಲ್ಲಾ ಹೇಳಿದ್ರು. ನಾನಽ ತಗದದ್ದು, ಹುಡುಗೀದು ತಪ್ಪಿಲ್ಲ, ಈ ಹಿರ್ಯಾರದು ಮೊದಲಽ ಇಲ್ಲ ಅಂತ. ಕೀಲಿಕೈ ನನಗ ತಿರುಗಿ ಕೊಡಾಕ ಬಂದ್ರು ಸಂಘದವರು. ಮೊಣಕಾಲು ಕಾಲುವಿ ದಂಡಿ ಹತ್ತಗೊಡೂದಿಲ್ಲ, ಈಗ ಇದ್ದವನಽ ಇರ್ಲಿ ಅಂದೆ."

"ನನಗ ಯಾಕ ಹೇಳಲಿಲ್ಲ ಅಪ್ಪಾ?"

"ನೀನಽ ಕಳಿಸಿದ್ದೀ ಅಂದ್ಕೊಂಡಿದ್ದೆ."

ಹೇಳಿದ ದಿನ ತೆಗೆಯುತ್ತೇನೆ ಎಂದಿದ್ದೆ. ಅವರು ಹೇಳಿ, ಮನೆಗೆ ಹೋಗಿ, ನನಗೊಂದು ಮಾತು ತಿಳಿಸದೆ, ಕಾಯಿಲೆ ಬಿದ್ದು ಸತ್ತರು. ಆ ತಿಂಗಳುಗಳಲ್ಲೆಲ್ಲ ನಾನು ದಿನಕ್ಕೆ ನೂರು ಸಲ ಅವರ ಹೆಸರು ಗೋಡೆಗೆ ಹಚ್ಚುತ್ತಿದ್ದೆ. ಮಾತು ತಪ್ಪಿದವಳು ಈಗ ನಾನು, ತಪ್ಪಾಯಿತು ಎನ್ನಲು ಅವರಿಲ್ಲ. ಇದು ಅವರು ನನ್ನ ಮೇಲೆ ತೀರಿಸಿಕೊಂಡ ಸೇಡೋ ಏನೋ, ನನಗೆ ಮತ್ತೆ ಸಿಟ್ಟು ಬಂತು. ಅಪ್ಪನ ಹೆಸರು ಉಳಿಯಿತು, ನನ್ನದೂ ಉಳಿಯಿತು. ಇಷ್ಟು ವರ್ಷ ನನಗೆ ಬೇಕಾದದ್ದು ಅದೇ ಎಂದುಕೊಂಡಿದ್ದೆ. ಅಲ್ಲ. ಅವರು ಆ ಮಾತು ಹೇಳುವಾಗ ಎದುರು ಕುಳಿತು ಅವರ ಮುಖ ನೋಡಬೇಕಾಗಿತ್ತು ನನಗೆ.

ಅದಕ್ಕೇ ಅಪ್ಪನನ್ನು ಕೇಳಿದೆ. "ಹೇಳೂ ಮುಂದ ಅವರ ಮಾರಿ ಹ್ಯಾಂಗಿತ್ತು ಅಪ್ಪಾ?"

ಅಪ್ಪ ಶೇಂಗಾದ ಸಿಪ್ಪೆಯನ್ನು ಒಂದು ಕಡೆ ಸರಿಸಿದರು. "ನಾ ನೋಡಲಿಲ್ಲವಾ. ಅವರು ಏಳೂದು ಕಂಡಕೂಡ್ಲೇ ತೆಳಗ ನೋಡ್ಕೊಂಡು ಕುಂತೆ. ಅಷ್ಟು ವಯಸ್ಸಾದವರು ಎಲ್ಲಾರ ಮುಂದ ತಮ್ಮ ತಪ್ಪು ಹೇಳ್ಕೊಳ್ಳಾಕತ್ತಾರ, ಅದನ್ನ ಹ್ಯಾಂಗ ನೋಡ್ಲಿ?"